ಅತ್ತಿಮರದ ತಿರುವಿನ ಬೈಗುಳ

ಮಾಗಿ ಶುರುವಾದರೆ ನಮ್ಮೂರಿನವರು ಬೀದಿಯಲ್ಲಿ ಜಗಳ ಆಡುವುದಿಲ್ಲ. ಜಗಳ ಬಂದರೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಲೆಯ ಮುಂದೆ ಕೂತು ಬೆಚ್ಚಗೆ ಆಡುತ್ತಾರೆ. ಹೊರಗೆ ಆಡಿದ್ದು ಮಂಜಿನಲ್ಲಿ ಹಾಗೇ ನಿಂತುಬಿಡುತ್ತದೆ. ಬಿಸಿಲು ಬಂದು ಮಂಜು ಆರುವವರೆಗೂ ಆ ಜಾಗಕ್ಕೆ ಕಾಲಿಟ್ಟವರಿಗೆಲ್ಲ ಕೇಳುತ್ತದೆ. ನನ್ನ ಸೋದರತ್ತೆ ಒಂದು ಸಂಜೆ ಅಂಗಳದಲ್ಲಿ ನಿಂತು ಸೊಸೆಯ ಸಾರಿನ ಬಗ್ಗೆ ಏನೋ ಅಂದಳು. ಬೆಳಗ್ಗೆ ರಂಗೋಲಿ ಬಿಡಲು ಬಂದ ಸೊಸೆ ಅದನ್ನು ಪೂರ್ತಿ ಕೇಳಿಸಿಕೊಂಡು, ರಂಗೋಲಿ ಬಟ್ಟಲು ಅಲ್ಲೇ ಇಟ್ಟು ತವರಿಗೆ ಹೋದವಳು ಯುಗಾದಿಗೆ ತಿರುಗಿ ಬಂದಳು. ಸೊಪ್ಪು ಮಾರುವವಳು ಮಾತ್ರ ಜಾಣೆ. ಸಂಜೆಯೇ ಬೀದಿ ಬೀದಿಯಲ್ಲಿ "ದಂಟು, ಕೀರೆ, ಮೆಂತ್ಯ" ಎಂದು ಕೂಗಿಟ್ಟು ಹೋಗಿ, ಬೆಳಗ್ಗೆ ಬುಟ್ಟಿ ಹೊತ್ತು ಬಾಯಿ ಮುಚ್ಚಿಕೊಂಡು ಬರುತ್ತಾಳೆ. ಶಾಲೆಯ ಬಯಲಿನಲ್ಲಿ ಹಾಜರಿ ಕೂಗುವುದನ್ನು ಚಳಿಗಾಲದ ಮಟ್ಟಿಗೆ ನಿಲ್ಲಿಸಿದ್ದಾರೆ, ಕಾರಣ ನಿಮಗೇ ಹೊಳೆದಿರಬೇಕು.

ನಾನು ಸಾಕಮ್ಮ. ಘಾಟಿ ರಸ್ತೆ ಇಳಿದು ಊರು ಮುಟ್ಟುವ ಕಡೆ ನನ್ನ ಟೀ ಅಂಗಡಿ ಇದೆ. ಮೇಲಿನ ಸೀಮೆಯಿಂದ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ತುಂಬಿಕೊಂಡು ಕೆಳಗಿನ ಪೇಟೆಗೆ ಹೋಗುವ ಲಾರಿಗಳೆಲ್ಲ ನನ್ನ ಕಣ್ಣ ಮುಂದೆಯೇ ಇಳಿಯಬೇಕು. ಬೇಸಿಗೆಯಲ್ಲಿ ಅದೇನು ದೊಡ್ಡ ರಸ್ತೆಯಲ್ಲ. ಮಾಗಿಯಲ್ಲಿ ಮಾತ್ರ ಚಾಲಕನಿಗೆ ತನ್ನ ಲಾರಿಯ ಮೂತಿಯೇ ಕಾಣುವುದಿಲ್ಲ. ದೀಪಕ್ಕೆ ಹಳದಿ ಕಾಗದ ಅಂಟಿಸಿದರೂ ಅಷ್ಟೇ, ಅಂಟಿಸದಿದ್ದರೂ ಅಷ್ಟೇ. ಹಾರನ್ ಹೊಡೆಯುವಂತಿಲ್ಲ. ಹೊಡೆದರೆ ಆ ಹಾರನ್ ಬಿಸಿಲೇರುವವರೆಗೂ ಅಲ್ಲೇ ನಿಂತು ಹಿಂದೆ ಬರುವವರ ಎದೆ ಒಡೆಯುತ್ತದೆ. ಹಾಗಾಗಿ ಘಾಟಿಯ ಮೇಲಿನ ಗೇಟಿನಲ್ಲೇ ಕಾವಲುಗಾರ ಹೊಸಬರಿಗೆಲ್ಲ ಹೇಳಿ ಕಳಿಸುತ್ತಾನೆ: ಎಷ್ಟೇ ಚಳಿಯಾಗಲಿ ಕಿಟಕಿ ಗಾಜು ಇಳಿಸಿರಬೇಕು, ಯಾರಾದರೂ ಮಾತಾಡಿದರೆ ಕೇಳಬೇಕು, ಗಾಡಿ ಕೆಟ್ಟು ನಿಂತರೆ ಹಿಂದೆ ಹೋಗಿ "ನಿಂತೆ" ಅನ್ನಬೇಕು, ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕಿ, ಅದೇ ಜಾಗದಲ್ಲಿ "ಹೋದೆ" ಅನ್ನಬೇಕು. "ಹೋದೆ" ಅನ್ನದೆ ಬಂದವನಿಗೆ ನಾನು ಟೀ ಕೊಡುವುದಿಲ್ಲ. ಇಲ್ಲದ ಲಾರಿಗೆ ಬ್ರೇಕ್ ಹಾಕಿ ಹಾಕಿ ಸೋತವನು ಇರುವ ಲಾರಿಗೆ ಹಾಕುವುದಿಲ್ಲ, ಅದಕ್ಕೆ.

ಊರಿಗೆ ಹತ್ತಿರದ ಒಂದೊಂದು ತಿರುವನ್ನೂ ಒಂದೊಂದು ಮನೆಯವರು ನೋಡಿಕೊಳ್ಳುತ್ತಾರೆ. ಸಂಜೆ ಮಂಜು ಇಳಿಯುವ ಹೊತ್ತಿಗೆ ಹೋಗಿ, ತಿರುವಿನಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿ ಬರುವುದು. ಅಂಗಡಿಯ ಪಕ್ಕದ್ದು ನನ್ನದು. "ಎಡಕ್ಕೆ ಬಾರಪ್ಪ, ಚರಂಡಿ ಅದೆ, ಆಮೇಲೆ ಟೀ ಅದೆ" ಎನ್ನುತ್ತೇನೆ. ವ್ಯಾಪಾರವೂ ಆಗಬೇಕಲ್ಲ. ಅದರ ಮೇಲಿನದು ಅಂಚೆ ಲಿಂಗರಾಜಯ್ಯನವರದು. ಅವರು ಕೆಮ್ಮಿಯೇ ಮಾತಾಡುವುದು, ಆ ಕೆಮ್ಮು ಕೇಳಿದರೆ ಸಾಕು, ಲಾರಿಯವರು ಗೇರ್ ಬದಲಾಯಿಸುತ್ತಾರೆ. ಎಲ್ಲಕ್ಕಿಂತ ಮೇಲಿನದು ಅತ್ತಿಮರದ ತಿರುವು. ಅಲ್ಲಿ ರಸ್ತೆ ಥಟ್ಟನೆ ಬಲಕ್ಕೆ ಹೊರಳುತ್ತದೆ. ಹೊರಳದವರಿಗೆ ಎದುರಿಗೆ ಗಿಡ್ಡ ಗಿಡ್ಡ ಅಂಚುಗಲ್ಲುಗಳು, ಆಚೆಗೆ ಕಮರಿ. ಹಿಂದೆಲ್ಲ ಅಲ್ಲಿಗೆ ಯಾರು ಯಾರೋ ಹೋಗಿ ಕೂಗಿಟ್ಟರು, ಆದರೂ ಪ್ರತಿ ಚಳಿಗಾಲ ಒಂದಾದರೂ ಲಾರಿ ಕಮರಿಗೆ ಹೋಗುತ್ತಿತ್ತು. ಊರಿನ ಗಂಡಸರು ಹಗ್ಗ ತೆಗೆದುಕೊಂಡು ಇಳಿಯುತ್ತಿದ್ದರು. ಅವರು ಮೇಲೆ ಬರುವಾಗ ಮುಖ ನೋಡಿದರೆ ಸಾಕಿತ್ತು, ಏನನ್ನೂ ಕೇಳುವುದು ಬೇಕಿರಲಿಲ್ಲ.

ಆ ತಿರುವು ನಮ್ಮ ನಿಂಗಾಜಮ್ಮನ ಕೈಗೆ ಬಂದದ್ದು ಒಂದು ಸಿಟ್ಟಿನಿಂದ. ಅವಳು ನನ್ನ ಪಕ್ಕದ ಮನೆಯವಳು, ಲಾರಿ ಓಡಿಸುವ ಜವರಪ್ಪನ ಹೆಂಡತಿ. ಒಂದು ಸಂಕ್ರಾಂತಿಗೆ ಬರುತ್ತೇನೆಂದ ಜವರಪ್ಪ ಬರಲಿಲ್ಲ. ಎಳ್ಳು ಬೀರಿದ್ದಾಯಿತು, ಹಸುಗಳನ್ನು ಕಿಚ್ಚು ಹಾಯಿಸಿದ್ದಾಯಿತು, ಪೊಂಗಲ್ ತಣ್ಣಗಾಯಿತು. ಇವಳು ಸೆರಗು ಸಿಕ್ಕಿಸಿಕೊಂಡು ಅತ್ತಿಮರದವರೆಗೆ ನಡೆದು ಹೋಗಿ, ಬರುವ ದಾರಿ ಕಡೆ ಮುಖ ಮಾಡಿ, ಗಂಡನಿಗೆ ಕೊಡಬೇಕಾದ್ದನ್ನೆಲ್ಲ ಖಾಲಿ ರಸ್ತೆಗೆ ಕೊಟ್ಟು ಬಂದಳು. "ಏಯ್! ಕಣ್ಣು ಎಲ್ಲಿ ಮಡಗಿದ್ದೀಯೋ? ತುಳಿಯೋ ಬ್ರೇಕ್ನ! ಯಾವ ಮನೆ ಹಾಳ್ ಮಾಡಕ್ಕೆ ಹಿಂಗ್ ಓಡ್ತಿದ್ದೀಯ? ಬಲಕ್ಕೆ ತಿರುಗ್ಸು, ಮೂದೇವಿ, ಬಲಕ್ಕೆ!" ಮಾತು ಪೂರ್ತಿ ಇದೇ ಅಲ್ಲ, ಪುಸ್ತಕಕ್ಕೆ ಒಗ್ಗುವಷ್ಟನ್ನು ಹೇಳುತ್ತಿದ್ದೇನೆ. ಮರುದಿನ ನನ್ನ ಅಂಗಡಿಗೆ ಬಂದ ಚಾಲಕರೆಲ್ಲ ಬೆವೆತು ಹೋಗಿದ್ದರು. ಆ ಚಳಿಯಲ್ಲಿ! ಒಬ್ಬನಂತೂ ಟೀ ಲೋಟ ಹಿಡಿದುಕೊಂಡು, "ನಮ್ಮವ್ವ ಸತ್ತು ಬೋ ವರ್ಷ ಆಯ್ತು. ಎಲ್ಲಿಂದ ಬಂದ್ಲು?" ಎಂದು ಕಣ್ಣೊರೆಸಿಕೊಂಡ.

ಆಮೇಲೆ ಊರಿನ ಹಿರಿಯರೇ ಅವಳ ಮನೆಗೆ ಹೋಗಿ, ದಿನಾ ಸಂಜೆ ಹೋಗಿ ಬೈದು ಬಾರಮ್ಮ ಎಂದು ಕೇಳಿಕೊಂಡರು. "ಬೈಯಕ್ಕೂ ಕರೀತಾರಾ ಸಾಕಕ್ಕ?" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಹೋಗತೊಡಗಿದಳು. ಆ ಮಾಗಿಯಲ್ಲೂ ಮುಂದಿನ ಮಾಗಿಗಳಲ್ಲೂ ಅತ್ತಿಮರದ ಹತ್ತಿರ ಯಾರೂ ಹಗ್ಗ ಹಿಡಿದು ಇಳಿಯಲಿಲ್ಲ.

ಎಲ್ಲರಿಗೂ ಒಳ್ಳೆಯದಾದ ಈ ಕೆಲಸದಿಂದ ಕಷ್ಟ ಅನುಭವಿಸಿದವನು ಜವರಪ್ಪ ಒಬ್ಬನೇ. ಪಾಪದ ಮನುಷ್ಯ. ಲಾರಿಯ ಹಿಂದೆ "ಮತ್ತೆ ಸಿಗೋಣ" ಎಂದು ಬರೆಸಿ ಗುಲಾಬಿ ಹೂ ಬಿಡಿಸಿಕೊಂಡವನು. ರಸ್ತೆ ಬದಿಯ ಬೋರ್ಡುಗಳೆಂದರೆ ಅವನಿಗೆ ಪ್ರಾಣ, ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡು ಬಂದು ಮನೆಯಲ್ಲಿ ಒಪ್ಪಿಸುತ್ತಿದ್ದ. ಅಂಥವನನ್ನು ಢಾಬಾಗಳಲ್ಲಿ, ತೂಕದ ಕಟ್ಟೆಯಲ್ಲಿ, ಪೇಟೆಯ ಸಾಲಿನಲ್ಲಿ ಸಿಕ್ಕಿದವರೆಲ್ಲ ಹಿಡಿದು, "ಜವರಣ್ಣ, ಬೆಳಿಗ್ಗೆ ಅತ್ತಿಗೆ ಸಿಕ್ಕುದ್ರು. ಆರೋಗ್ಯವಾಗವ್ರೆ, ಗಂಟಲು ಚೆನ್ನಾಗದೆ" ಎಂದು ಸತಾಯಿಸುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಎಷ್ಟು ವರ್ಷ ಅಂತ ನಗುವುದು ಹೇಳಿ.

ಸುಮ್ಮನಿರಲಾಗದ ಹಾಗೆ ಆದದ್ದು ಮಗಳು ಭಾಗ್ಯಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಮೇಲಿನ ಸೀಮೆಯ ಜನ. ಒಳ್ಳೆಯ ಗಳಿಗೆ ಮುಂಜಾನೆ ಇದೆ ಎಂದು ಕತ್ತಲಿರುವಾಗಲೇ ಹೊರಟು, ವ್ಯಾನು ಮಾಡಿಕೊಂಡು ಮಂಜಿನಲ್ಲೇ ಇಳಿದಿದ್ದರು. ನಿಂಗಾಜಮ್ಮ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು, ಬಾಗಿಲಲ್ಲಿ ನಿಂತು, "ಬನ್ನಿ, ಒಳಕ್ಕೆ ಬನ್ನಿ, ದಾರೀಲಿ ತೊಂದರೆ ಆಗಲಿಲ್ವಾ?" ಎಂದಳು. ಅಷ್ಟೇ. ವ್ಯಾನು ಓಡಿಸಿಕೊಂಡು ಬಂದಿದ್ದ ಗಂಡಿನ ಸೋದರಮಾವ ಆ ದನಿ ಕೇಳಿ ಹೊಸ್ತಿಲ ಮೇಲೆಯೇ ನಿಂತುಬಿಟ್ಟ. ಒಳಗೆ ಬಂದು ಕೂತರು. ಕೂತವರು ಮಾತಾಡಲಿಲ್ಲ. ಕಾಫಿ ಕೊಟ್ಟರೆ ಲೋಟ ಇಟ್ಟಲ್ಲೇ ಉಳಿಯಿತು, ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಮದುವೆಯ ಗಂಡು ಭಾಗ್ಯಳ ಕಡೆ ಕಳ್ಳ ನೋಟ ನೋಡಿದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ. "ಹೇಳಿ ಕಳಿಸ್ತೀವಿ" ಎಂದು ಎದ್ದವರು ಬಿಸಿಲೇರಿದ ಮೇಲೆಯೇ ಘಾಟಿ ಹತ್ತಿದರು.

ಅವರ ವ್ಯಾನು ಕಣ್ಮರೆಯಾದದ್ದೇ ಜವರಪ್ಪ ಮೊದಲ ಸಲ ಹೆಂಡತಿಯ ಮೇಲೆ ದನಿ ಎತ್ತಿದ. ಬಾಗಿಲು ಹಾಕಿಕೊಂಡೇ ಎತ್ತಿದ, ಆದರೂ ನಮ್ಮದು ಪಕ್ಕದ ಮನೆ, ಗೋಡೆ ತೆಳು.

"ಊರಿಗೆಲ್ಲ ನಿನ್ ಬಾಯಿ ಗೊತ್ತಾಗೋಯ್ತು. ಈಗ ಮಗಳ ಬಾಳಿಗೂ ಅಡ್ಡ ಬಂತು. ಇಷ್ಟು ದಿನ ನನ್ನ ಆಡ್ಕತಿದ್ರು, ತಡ್ಕಂಡೆ. ಅವಳೇನ್ ಮಾಡವ್ಳೆ?"

"ನಾನೇನ್ ನನ್ ಚಟಕ್ಕೆ ಬೈತೀನಾ? ನಿಲ್ಸು ಅಂದ್ರೆ ನಿಲ್ಸ್‌ತೀನಿ. ಆ ತಿರುವು ಯಾರ್ ನೋಡ್ಕತಾರೆ?"

"ನೀನೇ ನೋಡ್ಕೊ. ಬೈಬ್ಯಾಡ ಅಂದೆ ಅಷ್ಟೇ. ರಸ್ತೇಲಿ ಎಷ್ಟು ಚೆಂದ ಬರ್ದು ಹಾಕಿರ್ತಾರೆ! ಹಂಗ್ ಹೇಳು. ದಯವಿಟ್ಟು ನಿಧಾನವಾಗಿ ಚಲಿಸಿ. ಮುಂದೆ ತಿರುವು ಇದೆ. ನಿಮ್ಮ ಮನೆಯವರು ನಿಮಗಾಗಿ ಕಾಯುತ್ತಿದ್ದಾರೆ. ಹೇಳು ನೋಡನ."

ಆಮೇಲೆ ಪಾಠ ಒಪ್ಪಿಸುವವಳ ಹಾಗೆ ನಿಂಗಾಜಮ್ಮನ ದನಿ ಕೇಳಿತು. "ದಯವಿಟ್ಟು ನಿಧಾನವಾಗಿ ಚಲಿಸಿ." ಹುಲಿಯ ಬಾಯಿಗೆ ಹಾಲಿನ ಬಟ್ಟಲು ಹಿಡಿದರೆ ನೋಡಲು ಚೆಂದವೇ? ಜವರಪ್ಪನಿಗೂ ಚೆಂದ ಕಾಣಲಿಲ್ಲವೋ ಏನೋ. ಮಧ್ಯಾಹ್ನ ಊಟವನ್ನೂ ಮಾಡದೆ, ಬುತ್ತಿಯನ್ನೂ ತೆಗೆದುಕೊಳ್ಳದೆ, ಗೂಟದಲ್ಲಿ ನೇತು ಹಾಕಿದ್ದ ಮಫ್ಲರನ್ನೂ ಮರೆತು, ಲೋಡು ತರಲು ಮೇಲಕ್ಕೆ ಹೊರಟುಹೋದ. ಬೆಳಗಿನ ಜಾವ ಎಲೆಕೋಸು ತುಂಬಿಕೊಂಡು ಇಳಿಯುವವನು. ಇಳಿಯುವಾಗ ಅವನು ಮನೆಗೆ ಬರುವ ಪದ್ಧತಿ ಇಲ್ಲ, ಪೇಟೆ ತೆರೆಯುವುದರೊಳಗೆ ಮುಟ್ಟಬೇಕು. ಮಾರನೇ ದಿನ ಖಾಲಿ ಲಾರಿಯಲ್ಲಿ ಹತ್ತುವಾಗಲೇ ಮನೆ, ಊಟ, ಎಲ್ಲ.

ಆ ಸಂಜೆ ನಿಂಗಾಜಮ್ಮ ನನ್ನ ಅಂಗಡಿಯ ಮುಂದೆಯೇ ಹಾದು ಮೇಲೆ ಹೋದಳು. "ಟೀ ಕುಡ್ದು ಹೋಗೇ" ಎಂದೆ. ತಲೆಯಾಡಿಸಿದಳು, ನಿಲ್ಲಲಿಲ್ಲ. ಹಿಂತಿರುಗುವುದು ತಡವಾಯಿತು. ಮುಖ ಊದಿತ್ತು. ಯಾಕೆ ತಡ ಎಂದರೆ, "ಮಾತು ಮರ್ತು ಮರ್ತು ಹೋಯ್ತಿತ್ತು ಸಾಕಕ್ಕ, ಬಾಯಿಗೆ ಹತ್ತಲ್ಲ. ಹೇಳಿದ್ ಮೇಲೆ ಅಂಚುಗಲ್ಲಿನ ಮೇಲೆ ವಸಿ ಕೂತಿದ್ದೆ" ಎಂದಳು.

ಬೆಳಗ್ಗೆ ನಾನು ಒಲೆ ಹಚ್ಚಿ ಹಾಲು ಕಾಯಲು ಇಟ್ಟಿದ್ದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಆಲೂಗಡ್ಡೆ ಲಾರಿಯ ಚಾಲಕನೊಬ್ಬ ಇಳಿದು ಬಂದವನು ಟೀ ಕೇಳುವುದು ಬಿಟ್ಟು, "ಯಮ್ಮಾ, ಮೇಲೆ ಮರದ ತಿರುವಲ್ಲಿ ಲಾರಿ ಒಂದು ಮೂತಿ ಆಚೆ ಹಾಕ್ಕೊಂಡು ನಿಂತದೆ. ಹಿಂದೆ ಗುಲಾಬಿ ಹೂ ಬರ್ಸವ್ರೆ" ಎಂದ. ನನ್ನ ಕೈಯಲ್ಲಿದ್ದ ಸೌಟು ಎಲ್ಲಿ ಬಿತ್ತೋ ಗೊತ್ತಿಲ್ಲ.

"ಡ್ರೈವರು?"

"ಅವನೇ ನಂಗೆ ಅರ್ಥ ಆಗ್ಲಿಲ್ಲ. ಕೆಳಗಿಳಿದು ಅಂಚುಗಲ್ಲಿನ ಹತ್ರ ಅವ್ನೆ. ಒಂದ್ ಹೆಜ್ಜೆ ಆ ಕಡೆ ಇಡ್ತಾನೆ, ಒಂದ್ ಹೆಜ್ಜೆ ಈ ಕಡೆ ಇಡ್ತಾನೆ. ಮಾತಾಡ್ಸುದ್ರೆ ಸುಮ್ಕಿರು ಅಂತ ಕೈ ಸನ್ನೆ ಮಾಡ್ತಾನೆ."

ಜೀವಂತ ಇದ್ದಾನೆ, ಇಷ್ಟು ಸಾಕಾಯಿತು. ಪಕ್ಕದ ಮನೆಯ ಬಾಗಿಲು ಬಡಿದೆ. ನಿಂಗಾಜಮ್ಮ ಹೊರಗೆ ಬಂದು ನನ್ನ ಮುಖ ನೋಡಿದಳು. ಚಪ್ಪಲಿ ಮೆಟ್ಟದೆ ಓಡಿದಳು. ನಾನು ಹಿಂದೆ, ಲಿಂಗರಾಜಯ್ಯನವರು ಕೆಮ್ಮುತ್ತ ನನ್ನ ಹಿಂದೆ, ಹಗ್ಗ ಹಿಡಿದ ಗಂಡಸರು ಅವರ ಹಿಂದೆ. ನಮ್ಮ ನಮ್ಮ ತಿರುವುಗಳನ್ನು ದಾಟುವಾಗ ನಮ್ಮ ನಮ್ಮ ಮಾತುಗಳೇ ನಮಗೆ ಕೇಳಿದವು. ಟೀ ಅದೆ ಎಂದು ನನಗೆ ನಾನೇ ಹೇಳಿದ್ದು ಅವತ್ತು ಎಷ್ಟು ಅಸಹ್ಯವಾಗಿ ಕೇಳಿತೋ!

ಅತ್ತಿಮರದ ಹತ್ತಿರ ಬಂದೆವು. ಲಾರಿಯ ಮುಂದಿನ ಒಂದು ಚಕ್ರ ಅಂಚುಗಲ್ಲನ್ನು ಉರುಳಿಸಿ ಗಾಳಿಯಲ್ಲಿತ್ತು. ಎಲೆಕೋಸು ರಸ್ತೆ ತುಂಬ ಚೆಲ್ಲಿದ್ದವು. ಜವರಪ್ಪ ಕಿವಿಗೆ ಟವಲು ಸುತ್ತಿಕೊಂಡು, ಆ ಚಾಲಕ ಹೇಳಿದ ಹಾಗೆಯೇ, ಒಂದು ಹೆಜ್ಜೆ ಆಚೆ ಒಂದು ಹೆಜ್ಜೆ ಈಚೆ ಇಡುತ್ತಿದ್ದ. ಮಂಜಿನ ಮಾತು ಜಾಗ ಬಿಟ್ಟರೆ ನಿಲ್ಲುತ್ತದೆ, ಮತ್ತೆ ಕಾಲಿಟ್ಟರೆ ಮೊದಲಿನಿಂದ ಶುರುವಾಗುತ್ತದೆ. ಅವನು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ನಾವೂ ಆ ಜಾಗಕ್ಕೆ ಕಾಲಿಟ್ಟೆವು, ನಮಗೂ ಕೇಳಿತು. ಹಿಂದಿನ ಸಂಜೆ ನಿಂಗಾಜಮ್ಮ ಅಂಚುಗಲ್ಲಿನ ಮೇಲೆ ಕೂತು ತನಗೆ ತಾನೇ ಗೊಣಗಿಕೊಂಡದ್ದು.

"ದಯವಿಟ್ಟಂತೆ, ದಯವಿಟ್ಟು! ಮಫ್ಲರ್ ಬುಟ್ಟೋಗವ್ನೆ. ಕಿವಿಗೆ ಗಾಳಿ ಹೊಡ್ದ್ರೆ ರಾತ್ರಿಯೆಲ್ಲ ನರಳ್ತಾನೆ. ಆಗ ಉಪ್ಪಿನ ಶಾಖ ಕೊಡೋಳ್ ಯಾರು? ಊಟನೂ ಮಾಡ್ದೆ ಹೋದ. ಹುಷಾರಾಗ್ ಬಾ ಮಾರಾಯ. ನೀನಿಲ್ದೆ ಇದ್ರೆ ನಾನ್ ಯಾರ್ನ ಬೈಲಿ?"

ಅಷ್ಟು ಜನ ಗಂಡಸರ ಮುಂದೆ ಕೇಳಿಬಿಟ್ಟಿತಲ್ಲ! ನಿಂಗಾಜಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಗ್ಗ ಹಿಡಿದವರು ಲಾರಿಯ ಚಕ್ರ ನೋಡುವ ನೆಪದಲ್ಲಿ ಅತ್ತ ಸರಿದರು. ನಾನು ಎಲ್ಲಿಯೂ ಸರಿಯಲಿಲ್ಲ.

ಜವರಪ್ಪ ಹೇಳಿದ್ದು ಇಷ್ಟು. ಕಿವಿ ಸಿಡಿಯುತ್ತಿತ್ತು. ಗಾಜು ಏರಿಸುವಂತಿಲ್ಲ, ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಕಿವಿ. ಹಿಂದಿನ ದಿನದ ಸಿಟ್ಟಿನಲ್ಲಿ ನಿದ್ದೆಯನ್ನೂ ಮಾಡಿರಲಿಲ್ಲ, ಕಣ್ಣು ಬಿಟ್ಟುಕೊಂಡೇ ತೂಗುತ್ತಿದ್ದ. "ದಯವಿಟ್ಟು ನಿಧಾನವಾಗಿ ಚಲಿಸಿ ಅಂತ ಕೇಳ್ತು ಸಾಕಕ್ಕ. ಕೇಳ್ಲಿಲ್ಲ ಅನ್ನಲ್ಲ. ಯಾವ್ದೋ ಬೋರ್ಡ್ ಓದ್ದಂಗಾಯ್ತು, ಚೆಂದಾಗದೆ ಅಂದ್ಕಂಡು ಮುಂದಕ್ಕೋದೆ. ಆಮೇಲೆ ಕಿವಿ ಪಕ್ಕದಲ್ಲೇ ಮಫ್ಲರ್ ಬುಟ್ಟೋಗವ್ನೆ ಅಂದ್ಲು. ಇವಳು ಸೀಟಲ್ಲೇ ಕೂತವ್ಳೆ ಅನ್ನುಸ್ತು. ಇವಳು ಬೈದ್ರೆ ನನ್ ಕಾಲು ತಾನೇ ಬ್ರೇಕ್ ಮೇಲೆ ಹೋಯ್ತದೆ." ಇಷ್ಟು ಹೇಳಿ ಅವನು ಹೆಂಡತಿಯ ಕಡೆ ತಿರುಗಿದ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಮಫ್ಲರನ್ನು ಬಿಚ್ಚಿ ಅವನ ತಲೆಗೆ ಸುತ್ತಿದಳು. ಎಷ್ಟು ಬಿಗಿಯಾಗಿ ಸುತ್ತಿದಳೆಂದರೆ ಅವನ ಮಾತು ಅಲ್ಲಿಗೇ ನಿಂತಿತು. ಓಡಿ ಬರುವ ಗಡಿಬಿಡಿಯಲ್ಲಿ ಅವಳು ಅದನ್ನು ಯಾವಾಗ ಗೂಟದಿಂದ ಎಳೆದುಕೊಂಡಳೋ, ನಾನು ನೋಡಿರಲಿಲ್ಲ.

ಗಂಡಿನ ಸೋದರಮಾವ ಆ ವಾರವೇ ಮತ್ತೆ ಬಂದ, ಈ ಸಲ ಬಿಸಿಲಲ್ಲಿ. ಅವತ್ತು ಅವರಾರಿಗೂ ಬೇಸರವಾಗಿರಲಿಲ್ಲವಂತೆ. ಅತ್ತಿಮರದಲ್ಲಿ ಮೂದೇವಿ ಅನ್ನಿಸಿಕೊಂಡು ಬ್ರೇಕ್ ತುಳಿದು ಇಳಿದು ನೋಡಿದರೆ, ಚಕ್ರಕ್ಕೂ ಕಮರಿಗೂ ನಡುವೆ ಮೊಳದಷ್ಟು ನೆಲ ಇತ್ತಂತೆ. ಮನೆಗೆ ಬಂದು ಕೂತರೂ ಕೈಕಾಲಿನ ನಡುಕ ನಿಂತಿರಲಿಲ್ಲ, ಲೋಟ ಎತ್ತಿದರೆ ಕಾಫಿ ಚೆಲ್ಲುತ್ತದೆಂದು ಯಾರೂ ಎತ್ತಲಿಲ್ಲ. "ನಮ್ ಜೀವ ಉಳ್ಸಿದ್ ಮನೆ ಹೆಣ್ಣು ಬ್ಯಾಡ ಅನ್ನಕ್ಕೆ ನಮ್ಗೇನ್ ತಲೆ ಕೆಟ್ಟದಾ?" ಎಂದು ಕಾಫಿ ಎರಡು ಸಲ ಹಾಕಿಸಿಕೊಂಡು ಕುಡಿದ. ಜವರಪ್ಪ ನೆಲ ನೋಡುತ್ತ ಕೂತಿದ್ದ.

ಲಾರಿ ರಿಪೇರಿಗೆ ಬಿಟ್ಟಿದ್ದ ಆ ದಿನಗಳಲ್ಲಿ ಜವರಪ್ಪ ಸಂಜೆ ಹೆಂಡತಿಯ ಜೊತೆ ಅತ್ತಿಮರಕ್ಕೆ ಹೋಗತೊಡಗಿದ. ಮೊದಲ ಸಂಜೆ ನಾನೂ ಹೋಗಿದ್ದೆ, ಅಂಗಡಿ ಮುಚ್ಚಿ. ಇಂಥದ್ದನ್ನು ಬಿಟ್ಟು ವ್ಯಾಪಾರ ಮಾಡುವಷ್ಟು ದಡ್ಡಿ ನಾನಲ್ಲ.

"ಬಯ್ಯಿ" ಎಂದ ಜವರಪ್ಪ.

"ಎದುರಿಗೆ ನಿಂತ್ಕಂಡ್ರೆ ಎಂಗ್ ಬಯ್ಯಾದು? ನಗು ಬತ್ತದೆ."

ಅವನು ಮರದ ಹಿಂದೆ ಹೋಗಿ ನಿಂತ. ಅವಳು ರಸ್ತೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು ಬೈದಳು ನೋಡಿ! ಅಷ್ಟು ದಿನ ಒಳಗಿಟ್ಟುಕೊಂಡದ್ದೆಲ್ಲ ಬಂತು. ಮುಗಿದ ಮೇಲೆ ಜವರಪ್ಪ ಮರದ ಹಿಂದಿನಿಂದ ಬಂದು, ರಸ್ತೆ ಬಲಕ್ಕೆ ಹೊರಳಿ ಮುಗಿಯುವ ಕಡೆ ನಿಂತು, ತನ್ನ ಸಣ್ಣ ದನಿಯಲ್ಲಿ, "ಬಂದೆ ಕಣಮ್ಮಿ" ಎಂದ.

"ಇದ್ಯಾಕೆ?" ಎಂದಳು ಅವಳು.

"ನಿಂತ್ರೆ ನಿಂತೆ ಅಂತೀವಿ, ಹೋದ್ರೆ ಹೋದೆ ಅಂತೀವಿ. ಇಷ್ಟು ಬೈದು ಉಳಿಸ್ಕಂಡೋಳಿಗೆ ಬಂದೆ ಅನ್ಬ್ಯಾಡ್ವಾ?"

ಅಲ್ಲಿಂದ ಅದೊಂದು ರೂಢಿಯಾಯಿತು. ಅವನು ಮತ್ತೆ ಲಾರಿ ಹತ್ತಿದ ಮೇಲೆ, ತಿರುವು ದಾಟಿದ ಕೂಡಲೇ ತಲೆ ಹೊರಗೆ ಹಾಕಿ "ಬಂದೆ ಕಣಮ್ಮಿ" ಎಂದು ಹೇಳಿ ಹೋಗುವನು. ಅವನ ಹಿಂದೆ ಬಂದವರು ಕೇಳಿ, ತಾವೂ ಹೇಳತೊಡಗಿದರು. ಕೆಲವರು "ಬಂದೆ ಅಕ್ಕ", ಕೆಲವರು "ಬಂದೆ ಕಣವ್ವ", ಕೆಲವರು ನಮಗೆ ತಿಳಿಯದ ಭಾಷೆಗಳಲ್ಲಿ ಏನೇನೋ. ಬೈಗುಳ ಒಂದು, ಉತ್ತರ ನೂರಾರು. ಢಾಬಾಗಳಲ್ಲಿ ಈಗ ಜವರಪ್ಪನನ್ನು ಯಾರೂ ಸತಾಯಿಸುವುದಿಲ್ಲ, ಅವನು ಬಂದರೆ ಬೆಂಚಿನಲ್ಲಿ ಜರುಗಿ ಜಾಗ ಕೊಡುತ್ತಾರೆ.

ಅವನು ಇಳಿಯುವ ದಿನ ನಿಂಗಾಜಮ್ಮ ಬಿಸಿಲಿಗೆ ಮುಂಚೆಯೇ ಅತ್ತಿಮರಕ್ಕೆ ಹೋಗುತ್ತಾಳೆ. ಅಷ್ಟು ಗಂಡಸರ ದನಿಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತ ತನ್ನದೊಂದು ಮಾತನ್ನು ಹುಡುಕುತ್ತಾಳೆ. ಸಿಕ್ಕಿತೆಂದರೆ ದಾಟಿ ಹೋದ ಎಂದು ಅರ್ಥ. ಇಳಿದು ಬಂದು ನನ್ನ ಅಂಗಡಿಯಲ್ಲಿ ಟೀ ಕುಡಿದು, ಊರಿನವರ ಮೇಲೆಲ್ಲ ಚಾಡಿ ಹೇಳಿ, ಆಮೇಲೆ ಮನೆಗೆ ಹೋಗಿ ಒಲೆ ಹಚ್ಚುತ್ತಾಳೆ.

ಈ ಮಾಗಿಯಲ್ಲಿ ಒಂದು ದಿನ ಅವಳು ಇಳಿದು ಬರಲಿಲ್ಲ. ಹಾಲು ಕಾದು, ಆರಿ, ಮತ್ತೆ ಕಾದಿತು. ನಾನು ಹತ್ತಿ ಹೋದೆ. ಅವಳು ತಿರುವು ಮುಗಿಯುವ ಕಡೆ ನಿಂತಿದ್ದಳು. ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ. "ಎಲ್ಲಾರೂ ಅವ್ರೆ ಸಾಕಕ್ಕ, ಅವನೊಬ್ಬ ಇಲ್ಲ" ಎಂದಳು. ಅವಳ ದನಿ ಅಷ್ಟು ಚಿಕ್ಕದಾದದ್ದನ್ನು ನಾನು ಕೇಳಿರಲಿಲ್ಲ. ಗುಡ್ಡದ ಮೇಲಿಂದ ಬಿಸಿಲು ಇಳಿಯತೊಡಗಿತು. ಮಂಜು ಕಾಲ ಬುಡದಿಂದ ಆರುತ್ತಾ ಬಂತು, "ಬಂದೆ ಅಕ್ಕ"ಗಳು ಒಂದೊಂದಾಗಿ ನಿಂತುಹೋದವು. ನಾನು ಅವಳ ಕೈ ಹಿಡಿದುಕೊಂಡೆ. ಹಿಡಿಯುವುದು ಬಿಟ್ಟು ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಇಬ್ಬರೂ ಕಮರಿಯ ಕಡೆ ನೋಡಲಿಲ್ಲ.

ಆಗ ಮೇಲಿನ ರಸ್ತೆಯಲ್ಲಿ ಎಂಜಿನ್ನಿನ ಸದ್ದು ಕೇಳಿತು. ಎಲೆಕೋಸಿನ ಲಾರಿ ಆನೆ ನಡಿಗೆಯಲ್ಲಿ ಇಳಿದು ಬಂದು, ತಿರುವಿನಲ್ಲಿ ಬಲಕ್ಕೆ ಹೊರಳಿ, ನಮ್ಮ ಪಕ್ಕಕ್ಕೆ ನಿಂತಿತು. ಜವರಪ್ಪ ಕೈ ತುಂಬ ಗ್ರೀಸು ಮೆತ್ತಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು, ಕಿಟಕಿಯಿಂದ ಇಣುಕಿದ. "ಗೇಟ್ ಹತ್ರ ಟೈರ್ ಪಂಚರ್ ಆಯ್ತು" ಎಂದ. ನಾನು ಕಿವಿ ಮುಚ್ಚಿಕೊಳ್ಳಲು ತಯಾರಾದೆ, ಇವಳು ಈಗ ಬೈಯುವುದು ಕೆಳಗಿನ ಪೇಟೆಗೂ ಕೇಳೀತು ಎಂದುಕೊಂಡೆ. ಅವಳು ಬಾಯಿ ತೆರೆದಳು, ಒಂದು ಮಾತೂ ಬರಲಿಲ್ಲ. ಅವಳ ಮುಖ ನೋಡಿ ಅವನೇ, "ಬಂದೆ ಕಣಮ್ಮಿ" ಎಂದ.

ನಮ್ಮೂರಲ್ಲಿ ಬಿಸಿಲಿನಲ್ಲಿ ಆಡಿದ ಮಾತು ನಿಲ್ಲುವುದಿಲ್ಲ, ಆಡಿದ ಕೂಡಲೇ ಹೋಗುತ್ತದೆ.

"ಇನ್ನೊಂದ್ ಸಲ ಹೇಳು" ಎಂದಳು ನಿಂಗಾಜಮ್ಮ.